ಅಕ್ಕನ ಹೇಳಿಕೆಯ ಮೇರೆಗೆ

ಸ್ಕಿಪೋಲ್

ಸ್ಕಿಪೋಲ್ ವಿಮಾನ ನಿಲ್ದಾಣದ ಗಾಜಿನ ಗೂಡಿನೊಳಗೆ ಕುಳಿತಿದ್ದ ಅಧಿಕಾರಿ ನನ್ನ ಪಾಸ್‌ಪೋರ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಮಾಸ್ಕನ್ನು ಒಂದು ಕ್ಷಣ ಕೆಳಗಿಳಿಸಲು ಹೇಳಿದ. ಒಂದೂವರೆ ವರ್ಷದಿಂದ ಮನೆಯವರನ್ನು ಬಿಟ್ಟು ಯಾರಿಗೂ ಪೂರ್ತಿ ಮುಖ ತೋರಿಸಿರಲಿಲ್ಲ. ಇಳಿಸುವಾಗ ನಾಚಿಕೆಯೇ ಆಯಿತು. ಆತ ಇಂಗ್ಲಿಷಿನಲ್ಲಿ "ಯಾವ ಊರು?" ಎಂದು ಕೇಳಿದ. "ಬೆಂಗಳೂರು" ಎಂದೆ. ಆತ ತಲೆಯಾಡಿಸಿ ಮುದ್ರೆ ಒತ್ತಿದ.

ನಾನು ಹುಟ್ಟಿದ್ದು, ಓದಿದ್ದು, ತಹಶೀಲ್ದಾರ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಮೂವತ್ತೊಂದು ವರ್ಷ ಕಾಗದಗಳ ನಡುವೆ ಕುಳಿತು ನಿವೃತ್ತಳಾದದ್ದು ಎಲ್ಲವೂ ಸವಣೂರಿನಲ್ಲಿ. ಬೆಂಗಳೂರಿನಲ್ಲಿ ನಾನು ಕಂಡದ್ದು ವೀಸಾ ಕಚೇರಿ ಮತ್ತು ವಿಮಾನ ನಿಲ್ದಾಣ ಮಾತ್ರ. ಆದರೂ ನಾಲಿಗೆ ತಾನಾಗಿಯೇ ಬೆಂಗಳೂರು ಎಂದಿತು. ಸವಣೂರು ಅಂದರೆ ಆ ಮನುಷ್ಯನಿಗೆ ಏನು ತಿಳಿಯಬೇಕು? ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ಏಕೆಂದರೆ ಮುಂದೆ ಇದೇ ತಪ್ಪಿಗೆ ನಾನು ಇನ್ನೊಬ್ಬರ ಮೇಲೆ ಹರಿಹಾಯ್ದೆ.

ನೆದರ್‌ಲ್ಯಾಂಡ್ಸಿಗೆ ನಾನು ಹೋದದ್ದು ಟ್ಯುಲಿಪ್ ಹೂವು ನೋಡಲಿಕ್ಕಲ್ಲ. ನನ್ನ ತಮ್ಮ ದಸ್ತಗೀರ ಅಲ್ಲಿ ವಾಗೆನಿಂಗನ್ ಎಂಬ ಊರಿನಲ್ಲಿ ಮೆಣಸಿನಕಾಯಿ ಗಿಡದ ರೋಗಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದ. ಕೊರೊನಾದ ಮೊದಲ ಅಲೆಯಲ್ಲೇ ತೀರಿಕೊಂಡ. ವಿಮಾನಗಳೆಲ್ಲ ನಿಂತಿದ್ದವು. ನಾಲ್ಕೇ ಜನ ನಿಂತು ಮಾಡಿದ ಜನಾಜಾದ ನಮಾಜನ್ನು ನಾನು ಸವಣೂರಿನ ಅಡಿಗೆಮನೆಯಲ್ಲಿ ಫೋನಿನಲ್ಲಿ ನೋಡಿದೆ. ಮಧ್ಯದಲ್ಲಿ ನೆಟ್‌ವರ್ಕ್ ಹೋಯಿತು. ಮಣ್ಣು ಹಾಕುವುದನ್ನು ನೋಡಲಿಲ್ಲ. ಹದಿನೆಂಟು ತಿಂಗಳ ಮೇಲೆ ಆ ದೇಶದ ಬಾಗಿಲು ತೆರೆದಾಗ, ಆ ಮಣ್ಣನ್ನು ಒಮ್ಮೆ ಕಣ್ಣಾರೆ ಕಾಣಬೇಕೆಂದು ಹೊರಟೆ.

ವಾಗೆನಿಂಗನ್

ಬಂದವರು ಮೊದಲು ಮನೆಯೊಳಗೇ ಕ್ವಾರಂಟೈನ್ ಇರಬೇಕು. ತಮ್ಮನ ಹೆಂಡತಿ ನಾಜ್ನೀನ್ ನನಗೆ ಮುಂಬಾಗಿಲ ಪಕ್ಕದ ಕೋಣೆ ಕೊಟ್ಟಿದ್ದಳು. ರಸ್ತೆಗೆ ಮುಖ ಮಾಡಿದ ದೊಡ್ಡ ಗಾಜಿನ ಕಿಟಕಿ, ಪರದೆ ಇಲ್ಲ. ಎದುರು ಮನೆಯಲ್ಲೂ ಇಲ್ಲ. ಅಲ್ಲಿನ ಗಂಡಹೆಂಡತಿ ಊಟ ಮಾಡುವುದು, ಜಗಳವಾಡುವುದು, ಗಂಡ ಬಟ್ಟೆಗೆ ಇಸ್ತ್ರಿ ಹಾಕುವುದು ಎಲ್ಲ ನನಗೆ ಕಾಣುತ್ತಿತ್ತು. ನಾನು ಕಸೂತಿ ಚಾದರವೊಂದನ್ನು ಕಿಟಕಿಗೆ ಕಟ್ಟಿಬಿಟ್ಟೆ. ಮರುದಿನ ಎದುರು ಮನೆಯಾಕೆ ಬಂದು, ಒಳಗೆ ಯಾರಿಗಾದರೂ ಹುಷಾರಿಲ್ಲವೇ ಎಂದು ವಿಚಾರಿಸಿಕೊಂಡು ಹೋದಳು. ಇಲ್ಲಿ ಪರದೆ ಎಳೆದವರ ಮನೆಯಲ್ಲಿ ಏನೋ ಕೆಟ್ಟದ್ದು ನಡೆದಿದೆ ಎಂದರ್ಥವಂತೆ. ದಂಗಾಗಿ ಚಾದರ ಬಿಚ್ಚಿದೆ.

ತಮ್ಮನ ಮಗಳು ಸನಾಗೆ ಈಗ ಇಪ್ಪತ್ತು. ನಾನು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷ್ ಬೆರೆಸಿದ ಕನ್ನಡದಲ್ಲಿ ಉತ್ತರ ಕೊಡುತ್ತಾಳೆ, ಗಡಿಬಿಡಿಯಾದರೆ ಡಚ್ಚಿನಲ್ಲಿ. ಆದರೆ 'ಫುಪ್ಪು' ಎಂದು ಬಾಯ್ತುಂಬ ಕರೆಯುತ್ತಾಳೆ. ನಮ್ಮಲ್ಲಿ ಅಪ್ಪನ ಅಕ್ಕ ಫುಪ್ಪು.

"ಕಬರಸ್ತಾನಕ್ಕ ಯಾವಾಗ ಹೋಗೂಣು?" ಎಂದು ನಾನು ದಿನಾ ಕೇಳುತ್ತಿದ್ದೆ.

"ನಿಮ್ಮ ಕ್ವಾರಂಟೈನ್ ಮುಗೀಲಿ ಆಪಾ. ಆಮ್ಯಾಲೆ ಸನಾನ ಪರೀಕ್ಷಾ ಅದಾವು. ಐತವಾರ ನೋಡೂಣು," ಎನ್ನುತ್ತಿದ್ದಳು ನಾಜ್ನೀನ್, ನನ್ನ ಕಡೆ ನೋಡದೆ. ಮೂವತ್ತೊಂದು ವರ್ಷ ಜನರ ಮುಖ ನೋಡಿ ಯಾರು ಯಾವ ಕಾಗದ ಬಚ್ಚಿಟ್ಟಿದ್ದಾರೆಂದು ಹೇಳುತ್ತಿದ್ದವಳು ನಾನು. ಇಲ್ಲಿ ಮಾತ್ರ ಕುರುಡಿಯಾಗಿದ್ದೆ.

ಹಿತ್ತಲ ಬೆಂಚು

ನಾಲ್ಕನೆಯ ದಿನ ಮಾರ್ಥಾ ಬಂದರು. ಬರುವುದಕ್ಕೆ ಮೂರು ದಿನ ಮೊದಲೇ ಗಂಟೆ ಗೊತ್ತುಮಾಡಿಕೊಂಡಿದ್ದರು. ಬರುವಾಗ ಮಡಚುವ ಕುರ್ಚಿಯನ್ನೂ ಫ್ಲಾಸ್ಕಿನಲ್ಲಿ ತಮ್ಮ ಕಾಫಿಯನ್ನೂ ತಾವೇ ತಂದರು. ಹಿತ್ತಲಲ್ಲಿ ನನ್ನಿಂದ ಒಂದೂವರೆ ಮೀಟರ್ ಅಳೆದು ಕುಳಿತರು. ತನ್ನ ಕಾಫಿ ತಾನೇ ತಂದ ಅತಿಥಿಯನ್ನು ನನ್ನ ಜನ್ಮದಲ್ಲಿ ಕಂಡಿರಲಿಲ್ಲ. ನಾಜ್ನೀನ್ ಕೊಟ್ಟ ನಮ್ಮೂರ ಕುರುಕಲು ತಿಂಡಿ ಸವಣೂರ ಖಾರವನ್ನು ಮಾತ್ರ ಬೇಡ ಎನ್ನದೆ ತಿಂದು, ಕಣ್ಣಲ್ಲಿ ನೀರು ತಂದುಕೊಂಡರು.

ಮಾರ್ಥಾಗೆ ಎಪ್ಪತ್ತು ದಾಟಿದೆ. ಅಮೆರಿಕದವರು, ಮಣ್ಣಿನ ವಿಜ್ಞಾನಿ. ದಸ್ತಗೀರನ ಪಕ್ಕದ ಮೇಜಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರ ತೊಡೆಯ ಮೇಲೆ ನಮ್ಮ ಕಚೇರಿಯ ದಫ್ತರಿನಷ್ಟು ದಪ್ಪದ ಫೈಲಿತ್ತು.

"ನಿಮ್ಮ ತಮ್ಮ ಹೇಳುತ್ತಿದ್ದ, ತನ್ನ ಅಕ್ಕನಿಗೆ ಸಿಗದ ಕಾಗದ ಜಗತ್ತಿನಲ್ಲಿಲ್ಲ ಎಂದು," ಎಂದರು. "ನೀವು ಬಂದಾಗ ಇದನ್ನು ತೋರಿಸುವುದೆಂದು ನಮ್ಮಿಬ್ಬರಲ್ಲಿ ಮಾತಾಗಿತ್ತು."

ತಮ್ಮ ನನ್ನ ಬಗ್ಗೆ ಹೀಗೆ ಜಂಬ ಕೊಚ್ಚಿಕೊಂಡಿದ್ದ ಎಂದು ನನಗೆ ಗೊತ್ತೇ ಇರಲಿಲ್ಲ. ನನ್ನೆದುರಿಗೆ ಯಾವತ್ತೂ "ನಿನ್ನ ಇಲಿ ಕಡಿದ ಕಾಗದ" ಎಂದು ಕಾಡುತ್ತಿದ್ದ. ಫೈಲು ತೆರೆಯಲು ಹೇಳಿದೆ.

ಅದರಲ್ಲಿ ಅವರ ವಂಶವೃಕ್ಷವಿತ್ತು. ಕೆಳಗೆ ನಾಲ್ಕು ನೂರು ಹೆಸರು, ತುದಿಯಲ್ಲಿ ಒಬ್ಬನೇ ಯೂರಿಯನ್. ಮುನ್ನೂರೈವತ್ತು ವರ್ಷಗಳ ಹಿಂದೆ ಆಮ್‌ಸ್ಟರ್‌ಡ್ಯಾಮಿನಿಂದ ಹಡಗು ಹತ್ತಿ ಅಮೆರಿಕಕ್ಕೆ ಹೋಗಿ ನೆಲೆಸಿದ ಮೊದಲಿಗರಲ್ಲಿ ಒಬ್ಬ. ಮೂಲದಲ್ಲಿ ಜರ್ಮನ್. ಅವನ ಮೇಲೆ ಹಾಳೆ ಖಾಲಿ. ದೊಡ್ಡ ಜಮೀನ್ದಾರನ ಮಗನೆಂದು ಮನೆಯಲ್ಲಿ ಹೇಳಿಕೊಂಡು ಬಂದಿದ್ದರಂತೆ. ಯಾವ ಊರೆಂದು ಮಾತ್ರ ಯಾರಿಗೂ ತಿಳಿಯದು. ಹನ್ನೆರಡು ವರ್ಷ ಮಾರ್ಥಾ ಜರ್ಮನಿಯ ಊರೂರುಗಳ ದಾಖಲೆಗಳಲ್ಲಿ ಅವನನ್ನು ಹುಡುಕಿದ್ದರು.

ಸಿಕ್ಕಿದ್ದು ಒಂದೇ ಕಾಗದ. ಆ ಕಾಲದಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಮದುವೆಯಾಗುವವರು ಮೊದಲೇ ಗುಮಾಸ್ತನ ಎದುರು ನಿಂತು ಹೆಸರು, ಊರು, ಕಸುಬು ಬರೆಸಬೇಕಿತ್ತು. ಜೊತೆಗೆ ತಂದೆ ತಾಯಿ, ಅವರಿಲ್ಲದಿದ್ದರೆ ಯಾರಾದರೂ ನೆಂಟರು ಬರಬೇಕಿತ್ತು. ಮಾರ್ಥಾ ಓದಿ ಅರ್ಥ ಹೇಳಿದರು: ಯೂರಿಯನ್, ಜರ್ಮನ್ ದೇಶದವನು, ರೊಟ್ಟಿ ಸುಡುವ ಕೆಲಸದವನು, ತಂದೆ ತಾಯಿ ಇಲ್ಲ, ಜೊತೆಗೆ ಬಂದವಳು ಅಕ್ಕ ಗ್ರೀಟೆ. ಕೆಳಗೆ ಯೂರಿಯನ್‌ನ ದುಂಡಗಿನ ಸಹಿ.

ನಮ್ಮ ರೆಕಾರ್ಡ್ ರೂಮಿಗೆ ರೈತರು ಉತಾರ, ಅಂದರೆ ಹೊಲದ ದಾಖಲೆಯ ನಕಲು, ಕೇಳಿಕೊಂಡು ಬರುತ್ತಾರೆ. ಎಷ್ಟೋ ಸಲ ಅವರ ಹೊಲದ ಪುಟವನ್ನೇ ಗೆದ್ದಲು ತಿಂದಿರುತ್ತದೆ. ಆಗ ನಾನು ಪಕ್ಕದ ಹೊಲದವನ ಕಾಗದ ತೆಗೆಸುತ್ತಿದ್ದೆ. ಅದರ ಚಕ್ಕುಬಂದಿಯಲ್ಲಿ, ಅಂದರೆ ನಾಲ್ಕು ದಿಕ್ಕಿಗೆ ಯಾರ ನೆಲವಿದೆ ಎಂದು ಬರೆದ ಜಾಗದಲ್ಲಿ, ಈತನ ಹೆಸರು ಇದ್ದೇ ಇರುತ್ತದೆ.

"ಅಕ್ಕನ ಕಾಗದ ನೋಡಿದಿರಾ?" ಎಂದು ನನ್ನ ಹರಕು ಇಂಗ್ಲಿಷಿನಲ್ಲಿ ಕೇಳಿದೆ.

ಮಾರ್ಥಾ ಫ್ಲಾಸ್ಕಿನ ಮುಚ್ಚಳವನ್ನು ಕೈಯಲ್ಲೇ ಹಿಡಿದು ಕುಳಿತರು. "ಇಲ್ಲ. ನಾನು ಅವಳ ವಂಶದವಳಲ್ಲವಲ್ಲ," ಎಂದರು.

ಹನ್ನೆರಡು ವರ್ಷ! ಜೊತೆಗೆ ನಿಂತ ಅಕ್ಕನನ್ನು ಈ ಓದಿದ ಹೆಂಗಸು ಒಮ್ಮೆಯೂ ತಿರುಗಿ ನೋಡಿರಲಿಲ್ಲ. ನನಗೆ ಸಿಟ್ಟೇ ಬಂತು. "ಅಕ್ಕನ ಊರು ಬಿಟ್ಟು ತಮ್ಮ ಬೇರೆ ಊರಿನಲ್ಲಿ ಹುಟ್ಟುತ್ತಾನೆಯೇ?" ಎಂದೆ. ಗಂಟೆ ಮುಗಿದಿತ್ತು. ಅವರು ಕುರ್ಚಿ ಮಡಚಿಕೊಂಡು ಎದ್ದರು.

ಎರಡು ದಿನದಲ್ಲಿ ಫೋನ್ ಬಂತು. ಗ್ರೀಟೆಯ ಮದುವೆಯ ನಮೂದು ಸಿಕ್ಕಿತ್ತು, ತಮ್ಮನಿಗಿಂತ ಐದು ವರ್ಷ ಮೊದಲಿನದು. ಆದರೆ ಕಂಪ್ಯೂಟರಿನ ಚಿತ್ರದಲ್ಲಿ ಊರಿನ ಹೆಸರು ಪುಸ್ತಕದ ಹೊಲಿಗೆಯ ಮಡಿಕೆಯೊಳಗೆ ಮುಚ್ಚಿಹೋಗಿತ್ತು. ಮೂಲ ಪುಸ್ತಕ ನೋಡಲು ಅರ್ಜಿ ಹಾಕಿದ್ದರು, ಇಬ್ಬರಿಗೆ, ನನ್ನ ಕ್ವಾರಂಟೈನ್ ಮುಗಿದ ಮರುದಿನಕ್ಕೆ.

ಆಮ್‌ಸ್ಟರ್‌ಡ್ಯಾಮ್

ದಾಖಲೆಗಳ ಆ ಓದುವ ಕೋಣೆಯಲ್ಲಿ ಕೊರೊನಾದಿಂದಾಗಿ ಆರೇ ಜನ. ತೋಳಿನ ತುಂಬ ಹಚ್ಚೆ ಹಾಕಿಸಿಕೊಂಡ ಹುಡುಗಿಯೊಬ್ಬಳು ಎದೆಗವಚಿಕೊಂಡು ಪುಸ್ತಕ ತಂದು, ಮೆತ್ತೆಯ ಮೇಲೆ ಮಲಗಿಸಿದಳು. ಕೈ ತೊಳೆದು ಬರಲು ಹೇಳಿದಳು. "ಪುಟ ನೀವೇ ತಿರುಗಿಸಿ," ಎಂದು ಹೊರಟುಹೋದಳು.

ನನಗೆ ನಂಬಿಕೆಯೇ ಬರಲಿಲ್ಲ. ಮುನ್ನೂರೈವತ್ತು ವರ್ಷದ ಪುಸ್ತಕವನ್ನು ಯಾರೋ ಇಬ್ಬರು ಮುದುಕಿಯರ ಕೈಗೆ ಬಿಟ್ಟು ಹೋಗುವುದೇ? ನನ್ನ ರೆಕಾರ್ಡ್ ರೂಮಿನಲ್ಲಿ ನಾನು ಯಾರಿಗೂ ಪುಸ್ತಕ ಮುಟ್ಟಗೊಟ್ಟವಳಲ್ಲ. ಆದರೂ ನಮ್ಮವು ಕೆಂಪು ಬಟ್ಟೆಯ ಗಂಟಿನೊಳಗೇ ಪುಡಿಯಾಗಿಹೋದವು. ಇಲ್ಲಿ ಒಂದು ಹುಳದ ತೂತಿಲ್ಲ. ಆ ಕ್ಷಣ ಹೊಟ್ಟೆಕಿಚ್ಚಾಯಿತು ಎಂದು ಒಪ್ಪಿಕೊಳ್ಳುತ್ತೇನೆ.

ಮಾರ್ಥಾ ಮೆತ್ತೆಯನ್ನು ನನ್ನ ಕಡೆ ಸರಿಸಿದರು. ಮಡಿಕೆ ಬಿಡಿಸಲು ನನಗೇ ಹೇಳಿದರು. ಹಳೆಯ ಕಾಗದವನ್ನು ಎಲ್ಲಿ ಒತ್ತಬೇಕು, ಎಲ್ಲಿ ಒತ್ತಬಾರದು ಎಂಬುದನ್ನು ನನ್ನ ಬೆರಳುಗಳು ಮರೆತಿರಲಿಲ್ಲ. ಮೆಲ್ಲಗೆ ಅಗಲಿಸಿದೆ. ಅವರು ಬಗ್ಗಿ ಒಂದೊಂದೇ ಅಕ್ಷರ ಕೂಡಿಸಿ ಓದಿದರು. "ಲಿಂಡೆನ್‌ಬೆಕ್. ಗ್ರೀಟೆ, ಲಿಂಡೆನ್‌ಬೆಕ್ಕಿನವಳು, ಮನೆಗೆಲಸದವಳು."

ಕೆಳಗೆ ಸಹಿ ಇರಬೇಕಾದಲ್ಲಿ ಮೂರು ಗೀಟು. ಅವಳಿಗೆ ಬರೆಯಲು ಬರುತ್ತಿರಲಿಲ್ಲ.

ಮಾರ್ಥಾ ಮಾಸ್ಕಿನೊಳಗೇ ನಕ್ಕರು, ಆಮೇಲೆ ಕಣ್ಣೊರೆಸಿಕೊಂಡರು. ಜಮೀನ್ದಾರನ ಮಗ ಅಷ್ಟರಲ್ಲೇ ಕರಗಿಹೋಗಿದ್ದ. ನಾನು ಮಾತ್ರ ಆ ಮೂರು ಗೀಟುಗಳನ್ನೇ ನೋಡುತ್ತ ಕುಳಿತೆ. ಅಕ್ಷರ ಬಾರದ ಅಕ್ಕ ಬಾಯಿಬಿಟ್ಟು ತನ್ನ ಹಳ್ಳಿಯ ಹೆಸರು ಹೇಳಿದ್ದಳು. ದುಂಡಗೆ ಸಹಿ ಹಾಕಬಲ್ಲ ತಮ್ಮ ಬರೀ ಜರ್ಮನ್ ದೇಶ ಎಂದಿದ್ದ. "ಯಾಕೆ ಹೀಗೆ?" ಎಂದು ಕೇಳಿದೆ.

"ಯಾರಿಗೆ ಗೊತ್ತು? ಆ ಪುಟ್ಟ ಹಳ್ಳಿ ಇಲ್ಲಿ ಯಾರಿಗೆ ತಿಳಿಯುತ್ತದೆ ಅಂದುಕೊಂಡನೇನೋ," ಎಂದರು ಮಾರ್ಥಾ.

ಚರ್ಚು

ಗ್ರೀಟೆಯ ಸಾವಿನ ನಮೂದೂ ಮಾರ್ಥಾಗೆ ಸಿಕ್ಕಿತ್ತು; ಅವಳನ್ನು ಹೂಳಿದ ಚರ್ಚು ಹತ್ತಿರದಲ್ಲೇ ಇತ್ತು. ಬಾಗಿಲಲ್ಲಿ ನಿಂತವನು ಲಸಿಕೆಯ ಕೋಡ್ ತೋರಿಸಿ ಎಂದ. ನನ್ನ ಫೋನಿನಲ್ಲಿದ್ದ ನಮ್ಮ ಸರ್ಕಾರದ ಪ್ರಮಾಣಪತ್ರ ಅವನ ಯಂತ್ರಕ್ಕೆ ರುಚಿಸಲಿಲ್ಲ, ಕೆಂಪು ದೀಪ ಹತ್ತಿತು. ದೇವರ ಮನೆಗೆ ಇದೆಂಥ ಚೀಟಿ ಎಂದು ಬಾಗಿಲ ಸಂದಿಯಿಂದ ಇಣುಕಿದೆ. ಒಳಗೆ ದೇವರೂ ಇಲ್ಲ, ಪ್ರಾರ್ಥನೆಯೂ ಇಲ್ಲ. ನೆಲದ ತುಂಬ ಹೆಸರು ಕೆತ್ತಿದ ಗೋರಿಕಲ್ಲುಗಳು, ಅವುಗಳ ಮೇಲೆ ಮೇಜು ಕುರ್ಚಿ, ಮೇಜಿನ ಮೇಲೆ ಬಿಯರು.

"ಕೆಳಗೆ ಮೂಳೆಗಳಿಲ್ಲವೇ?" ಎಂದು ಮಾರ್ಥಾರನ್ನು ಕೇಳಿದೆ.

"ಎಂದೋ ತೆಗೆದುಬಿಟ್ಟರು. ಈ ದೇಶದಲ್ಲಿ ಗೋರಿ ಶಾಶ್ವತ ಅಲ್ಲ ರಜಿಯಾ. ಈಗಲೂ ಸಾಮಾನ್ಯವಾಗಿ ಇಪ್ಪತ್ತು ವರ್ಷ, ಮೂವತ್ತು ವರ್ಷ. ಆಮೇಲೆ ಮನೆಯವರಿಗೆ ಪತ್ರ ಹೋಗುತ್ತದೆ. ಯಾರೂ ಉತ್ತರ ಕೊಡದಿದ್ದರೆ ತೆರವು ಮಾಡುತ್ತಾರೆ." ಹೇಳುತ್ತ ಹೇಳುತ್ತ ಅವರಿಗೇ ಹೊಳೆಯಿತು. "ನಾಜ್ನೀನ್ ನಿಮಗೆ ಹೇಳಿಲ್ಲವೇ?"

ಕಾಲುವೆಯ ದಂಡೆಯ ಬೆಂಚಿನ ಮೇಲೆ ಕುಳಿತೆ. ನಮ್ಮಲ್ಲೂ ಹಳೆಯ ಗೋರಿಗಳು ಮಳೆಗೆ ಕುಸಿದು ಗುರುತು ಸಿಗದಂತಾಗುತ್ತವೆ, ನಿಜ. ಆದರೆ ಸತ್ತವನಿಗೆ ಯಾರೂ ಅವಧಿ ಬರೆದುಕೊಡುವುದಿಲ್ಲ. ಬದುಕಿದ್ದಾಗ ವೀಸಾದ ಅವಧಿ, ಮನೆಯ ಕರಾರಿನ ಅವಧಿ ಎಂದು ಓಡಾಡಿದ ನನ್ನ ತಮ್ಮನಿಗೆ ಮಣ್ಣಿನಲ್ಲೂ ಅವಧಿಯೇ? ಮಾರ್ಥಾ ಒಂದೂವರೆ ಮೀಟರನ್ನು ಮರೆತು ನನ್ನ ಕೈ ಹಿಡಿದುಕೊಂಡರು.

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ನಾಜ್ನೀನಳನ್ನು ಕೇಳಿದೆ. ಅವಳು ಒಲೆ ಆರಿಸಿ, ಸೆರಗಿನಿಂದ ಕೈ ಒರೆಸಿಕೊಂಡು ನಿಂತಳು.

"ಹೆಂಗ್ ಹೇಳ್ಲಿ ಆಪಾ? ಆವಾಗ ಎಲ್ಲಾ ಬಂದ್ ಇತ್ತು. ನಾ ಜ್ವರದಾಗ ಬ್ಯಾರೆ ಖೋಲ್ಯಾಗ ಬಿದ್ದಿದ್ದೆ. ಅವರ ಮುಖಾ ಸುದ್ದಾ ನೋಡಾಕ ಬಿಡ್ಲಿಲ್ಲ ನನಗ. ಸಿಕ್ಕ ಜಾಗಾ ತಗೊಂಡ್ವಿ. ಮೂವತ್ತು ವರ್ಷ ಅಂತ ಬರ್ದಾರ. ಆಮ್ಯಾಲೆ ಸನಾ ಮುಂದುವರಸ್ತಾಳ."

"ಸನಾ ಆವಾಗ ಎಲ್ಲಿ ಇರ್ತಾಳೋ ಯಾರಿಗೆ ಗೊತ್ತು?"

ಇದನ್ನೇ ನಾಜ್ನೀನ್ ಹದಿನೆಂಟು ತಿಂಗಳು ಒಬ್ಬಳೇ ನುಂಗಿಕೊಂಡಿದ್ದಳು. ಇಬ್ಬರೂ ಅಡಿಗೆಮನೆಯಲ್ಲೇ ಕುಳಿತು ಅತ್ತೆವು.

ಕಬರಸ್ತಾನ

ನಮ್ಮ ಓಣಿಯಲ್ಲಿ ಹೆಂಗಸರು ಕಬರಸ್ತಾನದೊಳಕ್ಕೆ ಹೋಗುವುದಿಲ್ಲ. ಅಪ್ಪ ತೀರಿಕೊಂಡಾಗ ನಾನು ಗೇಟಿನ ಹೊರಗೆ, ಬೇವಿನ ಮರದ ಕೆಳಗೆ ನಿಂತಿದ್ದೆ. ಇಲ್ಲಿ ಸನಾ ಗೇಟು ತಳ್ಳಿಕೊಂಡು ನಡೆದೇಬಿಟ್ಟಳು. ನಾನು ಹೊರಗೇ ನಿಂತೆ. ಅವಳು ತಿರುಗಿ ನೋಡಿ, "ಫುಪ್ಪು, ಬನ್ನಿ. ಇಲ್ಲಿ ಯಾರೂ ಸ್ಟಾಪ್ ಮಾಡಲ್ಲ," ಎಂದಳು. ಅರವತ್ತೆರಡನೆಯ ವಯಸ್ಸಿನಲ್ಲಿ ಮೊದಲ ಸಲ ಒಳಗೆ ಕಾಲಿಟ್ಟೆ. ತಮ್ಮ ಸವಣೂರಿನಲ್ಲೇ ಸತ್ತಿದ್ದರೆ ಅವನ ಹತ್ತಿರ ಇಷ್ಟು ಸಮೀಪ ಬರುವುದು ನನಗೆ ಸಾಧ್ಯವೇ ಇರಲಿಲ್ಲವಲ್ಲ ಎಂಬುದು ತಲೆಗೆ ಬಂದು ಕಕ್ಕಾಬಿಕ್ಕಿಯಾದೆ.

ಮುಸಲ್ಮಾನರ ಸಾಲು ಬೇಲಿಯ ಪಕ್ಕದಲ್ಲಿ. ಒದ್ದೆ ಮಣ್ಣು, ಮೇಲೊಂದು ಮರದ ಹಲಗೆ. ದಸ್ತಗೀರನ ಹೆಸರು, ಹುಟ್ಟಿದ ದಿನ, ಸತ್ತ ದಿನ. ಫಾತಿಹಾ ಓದಲು ಕೈ ಎತ್ತಿದವಳ ಕಣ್ಣು ಕೊನೆಯ ಸಾಲಿಗೆ ಹೋಯಿತು. ಹುಟ್ಟಿದ ಊರು: ಬೆಂಗಳೂರು.

ಮೂವತ್ತು ವರ್ಷದ ಮಾತನ್ನು ಕೇಳಿದಾಗಲೂ ನನಗೆ ಹೀಗಾಗಿರಲಿಲ್ಲ. ಕಪಾಳಕ್ಕೆ ಹೊಡೆಸಿಕೊಂಡಂತಾಯಿತು. ಎತ್ತಿದ ಕೈ ಇಳಿಸಿದೆ.

"ಇದನ್ನ ಯಾರು ಬರ್ಸ್ಯಾರ?"

"ನಾನೇ, ಫುಪ್ಪು."

"ನಿಮ್ಮಪ್ಪ ಬೆಂಗಳೂರಾಗ ಒಂದು ದಿನಾನೂ ಬದುಕಿದಂವ ಅಲ್ಲ. ಏನಂತ ಬರದಿ? ಅವ್ವ ಅಪ್ಪ ಇಲ್ಲೇನ ಅವಂಗ? ಊರ ಇಲ್ಲೇನು? ಇಷ್ಟ್ ಓದಿದಾಕಿ, ಅಷ್ಟು ತಿಳೀಲಿಲ್ಲ ನಿನಗ?"

ನಾನು ಕೂಗುತ್ತಿದ್ದೆ ಎಂದು ತೋರುತ್ತದೆ. ದೂರದಲ್ಲಿ ಎಲೆ ಗುಡಿಸುತ್ತಿದ್ದವನು ನಿಂತು ನೋಡಿದ. ಸನಾ ಹಲಗೆಯ ಮೇಲಿನ ಮಣ್ಣನ್ನು ಉಗುರಿನಿಂದ ಕೆರೆಯುತ್ತ ಮಾತಾಡಿದಳು.

"ಫಾರ್ಮ್ ಆನ್‌ಲೈನ್ ಇತ್ತು. ಅಮ್ಮಿಗೆ ಹೈ ಫೀವರ್. ನಾನೊಬ್ಳೇ ಇದ್ದೆ. ಅರ್ಧ ಗಂಟೇಲಿ ಕಳಿಸ್ಬೇಕು ಅಂದ್ರು. ಅಬ್ಬಾ ಎಲ್ಲರಿಗೂ ಬ್ಯಾಂಗಲೋರ್ ಅಂತಾನೇ ಹೇಳ್ತಿದ್ರು, ಯಾವಾಗ್ಲೂ. ಆಫೀಸಲ್ಲಿ, ನನ್ನ ಫ್ರೆಂಡ್ಸ್‌ಗೆ, ಎಲ್ಲರಿಗೂ."

"ಮನ್ಯಾಗ?"

"ಮನೇಲಿ 'ನಮ್ಮೂರು' ಅಂತಿದ್ರು. ಹೆಸರು ಹೇಳ್ತಿರ್ಲಿಲ್ಲ. ಸವಣೂರು ಗೊತ್ತು ನಂಗೆ. ಅದು ನಿಮ್ಮ ಊರು ಅನ್ಕೊಂಡಿದ್ದೆ, ಫುಪ್ಪುನ ಊರು."

ಇನ್ನೂ ಬಯ್ಯಬೇಕೆಂದು ಬಾಯಿ ತೆರೆದೆ. ಆಗ ಆ ಗಾಜಿನ ಗೂಡು, ಪಾಸ್‌ಪೋರ್ಟು ಹಿಡಿದ ಅಧಿಕಾರಿ, ಎರಡನೆಯ ಯೋಚನೆಯಿಲ್ಲದೆ ನಾನು ಕೊಟ್ಟ ಉತ್ತರ ನೆನಪಾಯಿತು. ಹತ್ತೊಂಬತ್ತು ವರ್ಷದ ಹುಡುಗಿ, ಒಬ್ಬಳೇ, ಅರ್ಧ ಗಂಟೆಯಲ್ಲಿ ಅಪ್ಪನನ್ನು ಒಂದು ಫಾರ್ಮಿನೊಳಗೆ ತುಂಬಿಸಿದ್ದಳು. ಅವಳ ತಲೆಯ ಮೇಲೆ ಕೈಯಿಟ್ಟೆ. ಇಬ್ಬರೂ ಫಾತಿಹಾ ಓದಿದೆವು.

ಕಚೇರಿ

ಹಲಗೆಯ ಮೇಲಿನ ಊರು ತಿದ್ದಿಸಲು ಸ್ಮಶಾನದ ಕಚೇರಿಗೆ ಹೋಗಲೂ ಮೊದಲೇ ಸಮಯ ಗೊತ್ತುಮಾಡಿಕೊಳ್ಳಬೇಕು. ಅದಕ್ಕೆ ಇವರು 'ಅಫ್‌ಸ್ಪ್ರಾಕ್' ಎನ್ನುತ್ತಾರೆ. ಹಿಂದಿನ ಸಂಜೆ ಮಾರ್ಥಾ ಬಂದು ವಂಶವೃಕ್ಷ ತೋರಿಸಿದರು. ಯೂರಿಯನ್‌ನ ಪಕ್ಕದಲ್ಲಿ ಗ್ರೀಟೆಯ ಹೆಸರು ಬಂದಿತ್ತು, ಇಬ್ಬರ ಮೇಲೂ ಲಿಂಡೆನ್‌ಬೆಕ್. "ನಾಳೆ ನೀವು ಏನು ಕಾಗದ ಒಯ್ಯುತ್ತೀರಿ?" ಎಂದು ಕೇಳಿದರು. ನನ್ನ ಬಳಿ ಏನೂ ಇರಲಿಲ್ಲ. ದಸ್ತಗೀರನ ಜನನದ ನೋಂದಣಿ ಸವಣೂರಿನಲ್ಲಿ, ನಾನೇ ಕಟ್ಟಿದ ಗಂಟಿನಲ್ಲಿದೆ. ಮನೆಯಲ್ಲೇನಾದರೂ ಇರಬಹುದೆಂದರೆ ಅವನ ಕಾಗದಗಳ ಪೆಟ್ಟಿಗೆಯನ್ನು ಮುಟ್ಟುವ ಧೈರ್ಯ ನಾಜ್ನೀನಳಿಗೆ ಇನ್ನೂ ಬಂದಿರಲಿಲ್ಲ.

ನಾನು ಎಂಥ ನೌಕರಳಾಗಿದ್ದೆ ಎಂದು ನನಗೇ ಗೊತ್ತು. ಒಂದು ಕಾಗದ ಕಡಿಮೆಯಾದರೆ ಇಪ್ಪತ್ತು ಮೈಲಿಯಿಂದ ಬಂದವರನ್ನೂ ವಾಪಸು ಕಳಿಸಿದ್ದೇನೆ. "ಬಾಯಿಮಾತಿಗೆ ದಾಖಲೆ ಬದಲಾಗೂದಿಲ್ಲ" ಎಂದು ಎಷ್ಟು ಸಲ ಹೇಳಿಲ್ಲ! ಪ್ಲಾಸ್ಟಿಕ್ ಪರದೆಯ ಹಿಂದೆ ಕುಳಿತ ನರೆಗೂದಲಿನ ಮನುಷ್ಯ ಅದನ್ನೇ ನನಗೆ ಹೇಳುತ್ತಾನೆಂದು ಕಾದು ನಿಂತೆ.

ಸನಾ ಡಚ್ಚಿನಲ್ಲಿ ಎಲ್ಲ ವಿವರಿಸಿದಳು. ಆತ ನನ್ನ ಕಡೆ ಕೈ ತೋರಿಸಿ ಏನೋ ಕೇಳಿದ.

"ನೀವು ಯಾರು ಅಂತ ಕೇಳ್ತಿದಾರೆ. ಅಕ್ಕ ಅಂದೆ," ಎಂದಳು ಸನಾ. "ಅಬ್ಬಾ ಹುಟ್ಟಿದಾಗ ನೀವು ಅಲ್ಲೇ ಇದ್ರಾ ಅಂತ ಕೇಳ್ತಿದಾರೆ."

ಇದ್ದೆ. ಆಗ ನನಗೆ ಏಳು ವರ್ಷ. ಸೂಲಗಿತ್ತಿಯನ್ನು ಕರೆಯಲು ಬರಿಗಾಲಲ್ಲಿ ಓಡಿದವಳು ನಾನೇ. "ಇದ್ದೆ," ಎಂದೆ.

ಆತ ಪುಸ್ತಕ ತೆರೆದು ಬೆಂಗಳೂರಿನ ಮೇಲೆ ಅಡ್ಡಗೆರೆ ಎಳೆದು, ಸನಾ ಹೇಳಿದ ಅಕ್ಷರಗಳನ್ನು ಒಂದೊಂದಾಗಿ ಬರೆದ. ಪಕ್ಕದಲ್ಲಿ ಇನ್ನೊಂದು ಸಾಲು ಸೇರಿಸಿದ. ಸನಾ ಓದಿದಳು: "ಅಕ್ಕನ ಹೇಳಿಕೆಯ ಮೇರೆಗೆ ತಿದ್ದಲಾಗಿದೆ." ಹೊಸ ಹಲಗೆಗೂ ಬರೆದುಕೊಂಡ.

ನಕಲು ಬೇಡ, ಸಾಕ್ಷಿ ಬೇಡ, ಮುದ್ರೆ ಬೇಡ. ಅಕ್ಕನ ಮಾತು ಸಾಕಾಗಿತ್ತು. ನಾನು ಬಾಗಿಲಿನಿಂದಲೇ ಹಿಂದೆ ಕಳಿಸಿದ ಎಷ್ಟೋ ಅಕ್ಕಂದಿರ ಮುಖಗಳು ಕಣ್ಣ ಮುಂದೆ ಬಂದವು.

"ಮೂವತ್ತು ವರ್ಷ ಆದ ಮ್ಯಾಲೆ ಈ ಪುಸ್ತಕಾನೂ ತಗೀತಾರೇನು, ಕೇಳು," ಎಂದೆ.

ಆತ ತಲೆಯಲ್ಲಾಡಿಸಿದ. ಗೋರಿ ತೆಗೆಯುತ್ತಾರೆ, ಪುಸ್ತಕ ತೆಗೆಯುವುದಿಲ್ಲ, ಅದು ದಾಖಲೆಗಳ ಜೊತೆ ಉಳಿಯುತ್ತದೆ ಎಂದ. ಸಹಿ ಮಾಡಲು ಪೆನ್ನು ಕೊಟ್ಟ. ಕಣ್ಣು ಮಂಜಾಗಿ ಗೆರೆ ಸರಿಯಾಗಿ ಕಾಣಲಿಲ್ಲ. ಕನ್ನಡದಲ್ಲೇ ಸಹಿ ಹಾಕಿದೆ. ಆತ ಬೇಡ ಎನ್ನಲಿಲ್ಲ.

ಹೊರಗೆ ಬಂದು ಬಸ್ಸಿಗೆ ಕಾಯುವಾಗ ಸನಾ ಫೋನ್ ತೆಗೆದಳು. "ಫುಪ್ಪು, ಸವಣೂರಲ್ಲಿ ಎಗ್ಸಾಕ್ಟ್ಲಿ ಎಲ್ಲಿ? ಆ ಮನೆ? ಹೇಳಿ, ಬರ್ಕೋತೀನಿ."

ಆ ಮನೆ ಈಗಿಲ್ಲ. ಆದರೆ ಮನೆಯ ಜಾಗ ಹೇಳುವುದು ಹೇಗೆಂದು ನನಗೆ ಗೊತ್ತು.

"ಬರಕೋ," ಎಂದೆ. "ಪೂರ್ವಕ್ಕ, ಬಶೀರಸಾಬರ ಖಾರದ ಭಟ್ಟಿ. ಪಶ್ಚಿಮಕ್ಕ, ಎಲಿ ತೋಟದ ಗೋಡಿ. ಉತ್ತರಕ್ಕ, ಸರಕಾರಿ ಬಾವಿ. ದಕ್ಷಿಣಕ್ಕ, ಹುಬ್ಬಳ್ಳಿಗೆ ಹೋಗೂ ರಸ್ತಾ."

ಅವಳು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಒಂದೊಂದಾಗಿ ಒತ್ತಿದಳು. ಬಸ್ಸು ಬಂದು ನಿಂತಿತು, ಬಾಗಿಲು ತೆರೆಯಿತು. ಅವಳು ತಲೆ ಎತ್ತಲಿಲ್ಲ.

"ಓಕೆ. ನಡುವೆ?"

"ನಡುವ ನಿಮ್ಮ ಅಬ್ಬಾ," ಎಂದೆ.